ಮೂರು ಫೋನು, ಒಂದು ಅಟ್ಟ

ನಾನು ಡಿಗ್ರಿ ಮುಗಿಸೋದು ಆಗದ ಮಾತು ಅಂದವರು ನಮ್ಮ ದೊಡ್ಡಪ್ಪ. ಅದೂ ಪತ್ರಿಕೋದ್ಯಮದ ಡಿಗ್ರಿ. "ಸುದ್ದಿ ಓದಕ್ಕೂ ಕಾಲೇಜು ಬೇಕೇನೇ? ಫೋನ್ ತೀಡಿದ್ರೆ ಲೋಕವೇ ಬತ್ತದೆ," ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅವರ ಮಾತಿಗೆ ಎದುರು ಹೇಳುವವರೂ ಇರಲಿಲ್ಲ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು ಬರೆಯುವ ಹೊತ್ತಿಗೆ ದೊಡ್ಡಪ್ಪನಿಗೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ್ದ ತೆಂಗಿನಕಾಯಿ ಇಳಿಸುವ ಆತುರ ಹುಟ್ಟಿತು. ಕಾಯಿ ಅಟ್ಟದಲ್ಲೇ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಅಲ್ಲೀವರೆಗೆ ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಇವರೋ, "ರೇಟು ಬಿದ್ದೋಯ್ತಾ ಅದೆ, ಫೋನಲ್ಲಿ ದಿನಾ ಅದೇ ಸುದ್ದಿ. ಸುಲ್ದು ಒಡೆಯಕ್ಕೆ ಎಲ್ಲಾರೂ ಬೇಕು. ನಿನ್ ಕಾಲೇಜು ಸಾಕು ಬುಡು" ಅಂದರು. ಕಾಯಿ ಮುಂದೆ ಕೂತರೆ ಪ್ರಾಜೆಕ್ಟು ಹೋಯಿತು, ಅದರ ಜೊತೆ ಡಿಗ್ರಿಯೂ.

"ದೊಡ್ಡಪ್ಪ, ನಿಮ್ಮ ಫೋನ್ ಕೊಡಿ" ಅಂದೆ. ದೊಡ್ಡಮ್ಮನದೂ ಅಣ್ಣನದೂ ಇಸ್ಕೊಂಡು ಜಗಲಿ ಮೇಲೆ ಸಾಲಾಗಿ ಇಟ್ಟೆ. ಮೂವರದೂ ಒಂದೇ ಸುದ್ದಿ ಆ್ಯಪು. ದೊಡ್ಡಪ್ಪನದರಲ್ಲಿ ಬರೀ ಕೊಬ್ಬರಿ ಕುಸಿತ, ಅದರಲ್ಲೂ ಅರ್ಧ ಹಳೇ ಸುದ್ದಿ. ದೊಡ್ಡಮ್ಮನದರಲ್ಲಿ ಸೀರಿಯಲ್ ನಟಿಯರ ಮದುವೆ. ಅಣ್ಣನದರಲ್ಲಿ ಕ್ರಿಕೆಟ್ಟು ಬಿಟ್ಟರೆ ಭೂಮಿ ಮೇಲೆ ಬೇರೇನೂ ನಡೆದಿರಲಿಲ್ಲ.

"ಇದೇನೇ, ಒಂದೇ ಮನೇಲಿ ಮೂರು ಲೋಕ?" ಅಂದರು ದೊಡ್ಡಮ್ಮ.

"ನಿನ್ನೆ ನೀವು ಏನು ಒತ್ತಿದ್ರೋ ಅದನ್ನೇ ಇವತ್ತೂ ಬಡಿಸ್ತದೆ, ದೊಡ್ಡಮ್ಮ."

ಆಮೇಲೆ ತಿಪಟೂರು ಬಸ್‌ಸ್ಟ್ಯಾಂಡಿನಿಂದ ತಂದಿದ್ದ ನಾಲ್ಕು ಪುಟದ ಸ್ಥಳೀಯ ಪತ್ರಿಕೆ ಬಿಡಿಸಿದೆ. ಮಾರುಕಟ್ಟೆಗೆ ಕೊಬ್ಬರಿ ಬರೋದು ಕಡಿಮೆಯಾಗಿದೆ, ಬೆಲೆ ಏರುತ್ತಿದೆ ಅಂತಿತ್ತು. ಪಕ್ಕದಲ್ಲೇ ಹುಳಿಯಾರು ಕಡೆ ಕುರಿಗಳಿಗೆ ಬಂದ ಕಾಯಿಲೆ, ಶೆಟ್ಟಿಕೆರೆ ಬಸ್ಸಿನ ತಕರಾರು. ಒಂದೂ ಆ ಮೂರು ಫೋನಿಗೆ ಬಂದಿರಲಿಲ್ಲ. ಯಾರೂ ಒತ್ತದ ಸುದ್ದಿಯನ್ನು ನಾಳೆ ಯಾರೂ ಬರೆಯುವುದಿಲ್ಲ. ಬರೆಯುವವರ ಹೊಟ್ಟೆಯೂ ತುಂಬಬೇಕಲ್ಲ. ನನ್ನ ಪ್ರಾಜೆಕ್ಟು ಹೇಳಿದ್ದು ಅಷ್ಟೇ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ದೊಡ್ಡಪ್ಪ ಪತ್ರಿಕೆ ಓದಿ ಮಡಿಸಿಟ್ಟು ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. "ನೀರು ಇನ್ನೂ ಕುಲುಕ್ತದೆ ಕಣೇ. ಇರ್ಲಿ ಬುಡು. ನೀನು ಬರ್ಕೊ ಹೋಗು."

ಆ ಕಾಯಿ ಒಣಗಿ ಇಳಿಯುವಷ್ಟರಲ್ಲಿ ನಾನು ಪಾಸಾಗಿದ್ದೆ. ಸರ್ಟಿಫಿಕೇಟು ಬಂದ ದಿನ ಮೊದಲು ದೊಡ್ಡಪ್ಪನ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತಗೊಂಡರು. ಬಹಳ ಹೊತ್ತು ನೋಡಿದರು.

"ಇದ್ನ ಫೋನಿಗೆ ಹಾಕ್ಕೊಡವ್ವ, ದಿನಾ ಒತ್ತಿ ನೋಡ್ತೀನಿ. ಇನ್ಮೇಲೆ ನಂಗೆ ಡಿಗ್ರಿ ಮಾಡಿದ್ ಹೆಣ್ಮಕ್ಕಳ ಸುದ್ದೀನೇ ಬರ್ಲಿ."