ಕರೆಂಟು ಹೋದ ಮೂವತ್ತೆಂಟು ನಿಮಿಷ

ನಂಬಲಾಗದ ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಆಗ ಗಂಟೆ ಎಷ್ಟಾಗಿತ್ತು? ಹೆಚ್ಚಿನವರಿಗೆ ಗೊತ್ತಿರುತ್ತಿರಲಿಲ್ಲ. ಅಲ್ಲಿಗೆ ನನ್ನ ಪಾಲಿಗೆ ಕಥೆ ಮುಗಿಯುತ್ತಿತ್ತು. ನನಗೇ ಆದ ಈ ಅನುಭವದಲ್ಲಿ ಮಾತ್ರ ಪ್ರತಿ ನಿಮಿಷದ ಲೆಕ್ಕವೂ ನನ್ನ ಕೈಬರಹದಲ್ಲೇ ಇದೆ. ತೊಂದರೆ ಇರುವುದೂ ಅಲ್ಲೇ.

ಸೈನ್ಯದಿಂದ ನಿವೃತ್ತನಾದ ಮೇಲೆ, ಎರಡು ಸಾವಿರದ ಇಸವಿಯ ಆಚೀಚೆ, ವಿದ್ಯಾರಣ್ಯಪುರಂನ ಒಂದು ಸಣ್ಣ ರಕ್ತನಿಧಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ರೇಡಿಯೊ ವಾರ್ತೆಗೆ ಕೈಗಡಿಯಾರ ಹೊಂದಿಸಿಕೊಂಡು, ಕಚೇರಿಗೆ ಹೋದೊಡನೆ ಅದಕ್ಕೆ ಸರಿಯಾಗಿ ಯಂತ್ರದ ಗಡಿಯಾರ ಹೊಂದಿಸುತ್ತಿದ್ದೆ. ಯಾರು ಏನು ಮುಟ್ಟಿದರೂ ರಿಜಿಸ್ಟರಿನಲ್ಲಿ ಮೂರು ಕಾಲಂ ತುಂಬಬೇಕು: ಸಮಯ, ಕೆಲಸ, ಮಾಡಿದವರು.

ರಕ್ತದಾನಿಗಳನ್ನು ಹುಡುಕುವ ಪ್ರೋಗ್ರಾಮನ್ನು ಬರೆದವರು ನನ್ನ ಸಹೋದ್ಯೋಗಿ ನಂಜುಂಡಸ್ವಾಮಿ. ಅದರಲ್ಲಿ ಬಣ್ಣ, ಚಿತ್ರ ಏನೂ ಇಲ್ಲ. ಕಪ್ಪು ಪರದೆಯಲ್ಲಿ ‘ಹುಡುಕು’ ಎಂಬ ಆಜ್ಞೆಯನ್ನೂ ರಕ್ತದ ಗುಂಪನ್ನೂ ಟೈಪಿಸಿದರೆ ದಾನಿಗಳ ಹೆಸರು, ಫೋನ್ ನಂಬರು ಸಾಲಾಗಿ ಬರುತ್ತಿದ್ದವು. ನಂಜುಂಡಸ್ವಾಮಿ ಹಣೆ ತುಂಬ ವಿಭೂತಿ ಇಟ್ಟು, ಒಂದೇ ಬೆರಳಿನಲ್ಲಿ ನಿಧಾನವಾಗಿ, ಗಟ್ಟಿಯಾಗಿ ಟೈಪ್ ಮಾಡುತ್ತಿದ್ದರು. ರಿಜಿಸ್ಟರ್ ಮಾತ್ರ ಮುಟ್ಟುತ್ತಿರಲಿಲ್ಲ. ಗದರಿದರೆ, “ನೀವಿದ್ದೀರಲ್ಲ ಸಾರ್, ಬರ್ಕೊಂಡ್ಬುಡಿ” ಎಂದು ನಗುತ್ತಿದ್ದರು. ಏನನ್ನು ಬದಲಿಸಿದರೂ ಹಳೆಯದರ ಪ್ರತಿಯೊಂದನ್ನು ‘ಹಳೇದು’ ಎಂಬ ಫೋಲ್ಡರಿನಲ್ಲಿ ಇಡುವುದು ಅವರ ಅಭ್ಯಾಸ. ನನ್ನ ಕಣ್ಣಿಗೆ ಅದು ಕಸ. ಅವರು ಹಠಾತ್ತನೆ ತೀರಿಕೊಂಡ ವಾರ, ಯಂತ್ರದಲ್ಲಿದ್ದ ಅವರ ಖಾತೆಯನ್ನು ನಾನೇ ಮುಚ್ಚಿ, ಖಾತೆಯ ಸಂಖ್ಯೆಯನ್ನು ಬರೆದಿಟ್ಟೆ: 507.

ಮರುವರ್ಷ ಒಂದು ಭಾನುವಾರ ಬೆಳಿಗ್ಗೆ, ಹೊಸ ಪ್ರಿಂಟರಿಗಾಗಿ ಒಂದು ಲೈಬ್ರರಿಯನ್ನು ಅಪ್‌ಡೇಟ್ ಮಾಡಿದೆ. ಲೈಬ್ರರಿ ಎಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಫೈಲು. ಹೊಸದು ಬಂದ ಮೇಲೆ ಹಳೆಯದೇಕೆಂದು ಅದನ್ನು ಅಳಿಸಿದೆ. ‘ಹಳೇದು’ ಫೋಲ್ಡರನ್ನೂ ಖಾಲಿ ಮಾಡಿದೆ. ಹೊಸ ಪಟ್ಟಿ ತೆಗೆಯುವುದಿದೆಯಲ್ಲ ಎಂದು ದಾನಿಗಳ ಮುದ್ರಿತ ಪಟ್ಟಿಯನ್ನೂ ಹರಿದು ಹಾಕಿದೆ. ಎಲ್ಲವನ್ನೂ ಅಚ್ಚುಕಟ್ಟಾಗಿ ರಿಜಿಸ್ಟರಿನಲ್ಲಿ ಬರೆದೆ. ಪ್ರೋಗ್ರಾಮನ್ನು ಒಮ್ಮೆ ಓಡಿಸಿ ನೋಡುವುದನ್ನು ಮಾತ್ರ ಮರೆತೆ.

ಮಧ್ಯಾಹ್ನ 1:40ಕ್ಕೆ ಬೋಗಾದಿಯ ಗಾರೆ ಕೆಲಸದ ಮಾದೇಶ ಆಸ್ಪತ್ರೆಯ ಚೀಟಿ ಹಿಡಿದು ಬಂದ. ಹೆರಿಗೆಯಾದ ಹೆಂಡತಿಗೆ ರಕ್ತ ನಿಲ್ಲುತ್ತಿರಲಿಲ್ಲ. ಓ ನೆಗೆಟಿವ್ ಬೇಕಿತ್ತು. ನಮ್ಮಲ್ಲಿ ಒಂದು ಬಾಟಲಿಯೂ ಇರಲಿಲ್ಲ. ‘ಹುಡುಕು’ ಎಂದು ಟೈಪಿಸಿದೆ. ಹಳೆಯ ಲೈಬ್ರರಿ ಸಿಗುತ್ತಿಲ್ಲವೆಂದು ಪ್ರೋಗ್ರಾಮು ನಿಂತಿತು. ಹೊಸದನ್ನು ಕೊಟ್ಟರೆ ಒಪ್ಪಲಿಲ್ಲ. ಹಳೆಯದನ್ನು ನಂಜುಂಡಸ್ವಾಮಿ ಎಲ್ಲಿಂದಲೋ ತಂದು ಹಾಕಿದ್ದರು, ಅದರ ಸಿ.ಡಿ. ನಮ್ಮಲ್ಲಿರಲಿಲ್ಲ. ‘ಹಳೇದು’ ಫೋಲ್ಡರನ್ನು ತೆರೆದು ನೋಡಿದೆ. ನಾನು ಮಾಡಿದಂತೆಯೇ ಖಾಲಿ ಇತ್ತು.

2:12ಕ್ಕೆ ಕರೆಂಟು ಹೋಯಿತು. ಯು.ಪಿ.ಎಸ್. ರಿಪೇರಿಗೆ ಹೋಗಿತ್ತು, ಯಂತ್ರ ಆರಿತು. ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಟ್ಟು, ಮುಂದಿನ ಮೇಜಿನ ಫೋನಿನಿಂದ ಬೇರೆ ರಕ್ತನಿಧಿಗಳನ್ನು ವಿಚಾರಿಸತೊಡಗಿದೆ. ಎಲ್ಲೂ ಸಿಗಲಿಲ್ಲ. ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ ಮಾದೇಶ ಎದ್ದು ಬಂದ.

“ಒಳಗಿರೋ ಸಾರು ನಿಧಾನಕ್ಕೆ ಒಂದೊಂದೇ ಕುಟ್ತಾವ್ರೆ. ಇನ್ನೆಷ್ಟೊತ್ತಾಯ್ತದೆ ಕೇಳಿ ಸಾರ್.”

“ಒಳಗೆ ಯಾರೂ ಇಲ್ಲ ಕಣಪ್ಪ. ಕರೆಂಟೇ ಇಲ್ಲ.”

“ಸದ್ದು ಬತ್ತಾ ಅದೆ ಸಾರ್” ಎಂದು ಮತ್ತೆ ಬೆಂಚಿಗೆ ಹೋದ. ಪಾಪ, ಗಾಬರಿಯಲ್ಲಿದ್ದಾನೆ ಎಂದುಕೊಂಡೆ. ಆ ಕೋಣೆಗಿದ್ದುದು ಒಂದೇ ಬಾಗಿಲು.

2:50ಕ್ಕೆ ಕರೆಂಟು ಬಂತು. ಬೀಗ ತೆಗೆದು ಯಂತ್ರ ಹಚ್ಚಿದೆ. ಅದೇ ದೋಷ. ಬೇರೇನೂ ತೋಚದೆ ಮತ್ತೆ ಆ ಫೋಲ್ಡರನ್ನು ತೆರೆದೆ. ಒಂದು ಫೈಲು ಇತ್ತು. ಬೆಳಿಗ್ಗೆ ನಾನು ಅಳಿಸಿದ್ದ ಲೈಬ್ರರಿ. ಅದನ್ನು ಅಲ್ಲಿಟ್ಟ ಸಮಯ 2:31. ಇಟ್ಟವರ ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ. ಮುಚ್ಚಿದ ಖಾತೆಯಾದರೆ ಯಂತ್ರ ಬರೀ ಸಂಖ್ಯೆ ತೋರಿಸುತ್ತದೆ. 507.

ನೋಡುತ್ತ ಕೂರಲು ಪುರುಸೊತ್ತಿರಲಿಲ್ಲ. ಲೈಬ್ರರಿಯನ್ನು ಅಲ್ಲಿಂದಲೇ ತೆಗೆದುಕೋ ಎಂದು ಪ್ರೋಗ್ರಾಮಿಗೆ ಒಂದು ಸಾಲಿನ ಆಜ್ಞೆ ಕೊಟ್ಟೆ. ಐದು ಹೆಸರು ಬಂದವು. ಇಬ್ಬರು ಫೋನ್ ಎತ್ತಲಿಲ್ಲ. ಮೂರನೆಯವರು, ಅಶೋಕಪುರಂನ ಒಬ್ಬ ಮೇಷ್ಟ್ರು, ಊಟ ಮುಗಿಸಿ ಆಗಷ್ಟೇ ಕೈ ತೊಳೆದಿದ್ದರಂತೆ. ಕೂಡಲೇ ಸ್ಕೂಟರಿನಲ್ಲಿ ಬಂದರು. ಮಾದೇಶನ ಹೆಂಡತಿ ಉಳಿದಳು.

ಕರೆಂಟು ಹೋಗಿ ತಟ್ಟನೆ ಆರಿದ ಯಂತ್ರ ಒಮ್ಮೊಮ್ಮೆ ಅಳಿಸಿದ್ದನ್ನು ವಾಪಸು ತರಬಹುದು ಎಂದು ತಿಳಿದವರು ಹೇಳಿದರು. ಇರಬಹುದು. ಆ 2:31ರ ಬಗ್ಗೆ ಕೇಳಿದರೆ, ಯಂತ್ರದ ಗಡಿಯಾರ ತಪ್ಪಿರಬೇಕು ಎನ್ನುತ್ತಾರೆ. ಕರೆಂಟು ಬಂದಾಗ ನೋಡಿದ್ದೆ. ಅದು ನನ್ನ ಕೈಗಡಿಯಾರಕ್ಕೆ ಸರಿಯಾಗಿತ್ತು.

ಅಂದಿನ ಆ ಕೆಲಸವೊಂದನ್ನು ರಿಜಿಸ್ಟರಿಗೆ ಬರೆಯುವುದನ್ನು ದಿನದಿಂದ ದಿನಕ್ಕೆ ಮುಂದೂಡಿದೆ. ವಾರದ ಮೇಲೆ ಮಾದೇಶ ಎರಡು ಪೊಟ್ಟಣ ಸಿಹಿ ತಂದ. ಒಂದನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಮೇಜಿನ ಮೇಲಿಟ್ಟ.

“ಇದು ಒಳಗೆ ಕುಟ್ತಿದ್ರಲ್ಲ, ಆ ಸಾರ್‌ಗೆ. ಮರೀದೆ ಕೊಟ್ಬುಡಿ.”

ಅವನು ಹೋದ ಮೇಲೆ ರಿಜಿಸ್ಟರ್ ತೆರೆದೆ. ಸಮಯ: 2:31. ಕೆಲಸ: ಹಳೆಯ ಲೈಬ್ರರಿ ವಾಪಸು ಇಟ್ಟದ್ದು. ಮಾಡಿದವರು ಎಂಬಲ್ಲಿ ನನ್ನ ಹೆಸರು ಹಾಕಿದರೆ ಸುಳ್ಳಾಗುತ್ತಿತ್ತು. ಇನ್ನೊಂದು ಹೆಸರು ಬರೆಯಲು ಕೈ ಬರಲಿಲ್ಲ. ನಾನು ತುಂಬಿದ ಅಷ್ಟೂ ರಿಜಿಸ್ಟರುಗಳಲ್ಲಿ ಖಾಲಿ ಉಳಿದಿರುವುದು ಅದೊಂದೇ ಜಾಗ.