ಪಿಕಪ್ಪಿನ ಹಿಂದಿದ್ದ ಅವ್ವನ ಒಳಕಲ್ಲು

ಕಳೆದ ಭಾನುವಾರ ಸವದತ್ತಿ ರಸ್ತೆಯಲ್ಲಿ ನಾನು ಕುಳಿತಿದ್ದ ಪಿಕಪ್ಪು ಬೈಲಹೊಂಗಲದ ಕಡೆ ಮುಖ ಮಾಡಿ ನಿಂತಿತು. ಇದರಲ್ಲೇನು ವಿಶೇಷ ಎನ್ನುತ್ತೀರಾ? ನಾವು ಹೊರಟಿದ್ದೇ ಬೈಲಹೊಂಗಲದಿಂದ. ಮುಖ ಇರಬೇಕಾದದ್ದು ಸವದತ್ತಿಯ ಕಡೆಗೆ!

ಜಿಟಿಜಿಟಿ ಮಳೆ. ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದ್ದು ಗೊತ್ತು. ಆಮೇಲೆ ಕಿಟಕಿಯಲ್ಲಿ ಹೊಲ, ಜಾಲಿಮರ, ಹೊಲ ಎಲ್ಲ ಗರಗರ ತಿರುಗಿದವು. ಯಾರಿಗೂ ಏನೂ ಆಗಲಿಲ್ಲ. ಎಮ್ಮೆ ನಮ್ಮನ್ನೊಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು.

ಮೊದಲಿನಿಂದ ಹೇಳುತ್ತೇನೆ.

ಪಿಕಪ್ಪು ನಮ್ಮಣ್ಣನದು. ಅಣ್ಣ ತೀರಿಕೊಂಡದ್ದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. (ನಡುವೆ ಕೆಲವು ವಾರ ಈ ಅಂಕಣ ಬಾರದಿದ್ದುದಕ್ಕೆ ಕಾರಣ ಅದೇ.) ಜೀವನವಿಡೀ ರಸ್ತೆಯ ಮೇಲೆ ಓಡಾಡಿದ ಮನುಷ್ಯ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ. ಕಪ್ಪು ಕೆಳಗಿಟ್ಟ. ಗೋಡೆಗೆ ಒರಗಿದ. ಚಹಾ ಅರ್ಧ ಹಾಗೇ ಉಳಿದಿತ್ತು.

ಅಂದಿನಿಂದ ಗಾಡಿ ಬೇವಿನಮರದ ಕೆಳಗೆ ನಿಂತಿತ್ತು. ಮನೆಯಲ್ಲಿ ಓಡಿಸುವವರಿಲ್ಲ. ನನಗೆ ಸ್ಕೂಟರ್ ಮೇಲೇ ನಂಬಿಕೆ ಕಡಿಮೆ. ನಿಂತ ಗಾಡಿ ಕೆಡುತ್ತದೆ, ಮಾರಿಬಿಡಿ ಎಂದು ಓಣಿಯವರೆಲ್ಲ ಹೇಳಿದರು. ಮಾರುವುದೋ ಬಿಡುವುದೋ ವೈನಿಯ ತೀರ್ಮಾನ. ಅಣ್ಣನ ಗಾಡಿ, ಅಣ್ಣನ ಹೆಂಡತಿ. ಅವರು ಬಹಳ ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಡೆಗೊಮ್ಮೆ, "ತಗೊಳ್ಳಾವ್ರು ಬರ್ಲಿ. ಮಂದಿನ್ನ ನೋಡಿ ಹೇಳತೇನಿ" ಎಂದರು.

ಹಾಗಾಗಿ ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಈರಣ್ಣ ಎಂಬ ತರುಣ ಬಂದ. ಜೊತೆಗೆ ಅವನ ಸೋದರಮಾವ. ತರುಣನಿಗೆ ಗಾಡಿ ಬೇಕು. ಮಾವನಿಗೆ ಗಾಡಿಯ ತಪ್ಪು ಬೇಕು.

"ಬಾಗಲಾ ಗಡಗಡ ಅಂತೈತಿ" ಎಂದು ಮಾವ ಶುರು ಮಾಡಿದರು. "ಮುಂದ ಮೂರು ಮಂದಿ ಕುಂತ್ರ ನಡುಕಿನಾಂವ ಗೇರ್ ತೊಡಿ ಮ್ಯಾಲ ಇಟಗೊಂಡು ಕುಂದ್ರಬೇಕು."

"ಮಾಮಾ, ಲಾರಿ ಹೋಗದ ಹೊಲದ ಹಾದ್ಯಾಗ ಇದು ಹೊಕ್ಕೈತಿ. ಟಂಟಂ ಆಟೋ ಎತ್ತಲಾರದ ಭಾರಾ ಎತ್ತತೈತಿ. ಮನೋಳಿ ಊರಾಗ ಉಳ್ಳಾಗಡ್ಡಿ ಹೇರಿದ್ರ ಮಾರ್ಕೆಟ್ ತನಕ ಹಿಂದ ತಿರುಗಿ ನೋಡೂದಿಲ್ಲ."

"ಹೇರಿದಾಗ ಆನಿ. ಖಾಲಿ ಇದ್ದಾಗ? ಖಾಲಿ ಗಾಡ್ಯಾಗ ನಿನ್ನ ಹೇಣ್ತಿನ್ನ ಒಮ್ಮೆ ಕುಂದ್ರಿಸಿ ನೋಡು. ಇಳದಾಕಿನ ತವರಮನಿ ಹಾದಿ ಹಿಡಿತಾಳ!"

ಈರಣ್ಣ ನಕ್ಕ. ನಾನೂ ನಕ್ಕೆ. ನಗುತ್ತಲೇ ಒಂದು ಮಾತು ತಲೆಗೆ ಬಂತು. ಅಣ್ಣನ ಮಣ್ಣಿಗೆ ಬಂದವರೆಲ್ಲ ಅವನ ಗುಣವನ್ನಷ್ಟೇ ಹೇಳಿದ್ದರು. ಅವನ ಸಿಟ್ಟು, ಅವನ ಗುಟಖಾ, ಹೇಳಿದ ಹೊತ್ತಿಗೆ ಎಂದೂ ಬಾರದ ಅವನ ಚಾಳಿ ಯಾರ ಬಾಯಲ್ಲೂ ಬರಲಿಲ್ಲ. ಅವನ ಗಾಡಿಗೆ ಮಾತ್ರ ಬರೀ ದೋಷ. ಇದ್ದದ್ದನ್ನು ಇದ್ದ ಹಾಗೆ ತೂಗುವ ತಕ್ಕಡಿ ನಮ್ಮ ಹತ್ತಿರ ಇಲ್ಲವೇ ಇಲ್ಲವೇನು?

ಇನ್ನು ಒಳಕಲ್ಲಿನ ವಿಷಯ. ಶನಿವಾರ ನಾನು ಗಾಡಿ ತೊಳೆಸಿದ್ದೆ. ನೋಡಲು ಬರುವವರಿಗೆ ಚಂದ ಕಾಣಲಿ ಎಂದು ಹಿಂದಿನ ಸಾಮಾನೆಲ್ಲ ಇಳಿಸಿದೆ. ಮಾಲಿಗೆ ಹೊದಿಸುವ ತಾಡಪತ್ರಿ, ಖಾಲಿ ಚೀಲ, ಮತ್ತೊಂದು ಕಲ್ಲು. ನೋಡಿದರೆ ಅವ್ವನ ಒಳಕಲ್ಲು! ಮಿಕ್ಸರ್ ಬಂದ ಮೇಲೆ ಅಡಿಗೆಮನೆಯಿಂದ ಮಾಯವಾಗಿದ್ದು ಇಲ್ಲಿ, ಹಿಂದಿನ ಗಾಲಿಗಳ ನಡುವೆ, ಹಗ್ಗದಿಂದ ಬಿಗಿದು ಕುಳಿತಿತ್ತು. ಅಣ್ಣ ಎಲ್ಲಿಗೋ ಒಯ್ಯಬೇಕೆಂದು ಏರಿಸಿ ಮರೆತಿರಬೇಕು ಅಂದುಕೊಂಡೆ. ಓಣಿಯ ಗಂಡಸರನ್ನು ಕರೆದು ಇಳಿಸಿ ಹಿತ್ತಲಿಗೆ ಉರುಳಿಸಿದೆ.

ಅದರ ಮೈಮೇಲೆ ಅರಿಷಿಣ ಕುಂಕುಮ ಪದರು ಪದರಾಗಿ ಒಣಗಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗೆ ಪೂಜೆ ಉಂಟಲ್ಲ, ಅದೇ ಸಿಡಿದಿರಬೇಕು ಎಂದುಕೊಂಡೆ. (ಸಿಡಿದ ಕುಂಕುಮ ಪದರು ಕಟ್ಟುತ್ತದೆಯೇ? ಆಗ ಹೊಳೆಯಲಿಲ್ಲ.) ಕೇಳೋಣವೆಂದರೆ ವೈನಿ ಮನೆಯಲ್ಲಿರಲಿಲ್ಲ. ಹೂಲಿಯ ತವರಿಗೆ ಹೋಗಿದ್ದರು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

ಅವರು ಬರುವಷ್ಟರಲ್ಲಿ ಒಂದು ಟ್ರಯಲ್ ನೋಡೋಣ ಎಂದು ಹೊರಟೆವು. ಸ್ಟೀರಿಂಗ್ ಹಿಡಿದದ್ದು ಈರಣ್ಣ. ಮುಂದಿನದು ನಿಮಗೆ ಗೊತ್ತು.

ರಸ್ತೆಗೆ ಅಡ್ಡಾದಿಡ್ಡಿ ನಿಂತ ಗಾಡಿಯಲ್ಲಿ ಮೊದಲು ಬಾಯಿ ಬಂದದ್ದು ಮಾವನಿಗೆ. "ನಿಮ್ಮಣ್ಣಾರು ಹಿಂದ ಏನೂ ಭಾರಾ ಇಡತಿದ್ದಿಲ್ಲೇನ್ರಿ? ಖಾಲಿ ಇದ್ರ ಇವು ಹಸಿ ರಸ್ತೆದಾಗ ನಿಲ್ಲೂದಿಲ್ಲ."

"ಒಂದು ಒಳಕಲ್ಲು ಇತ್ತು" ಎಂದೆ. "ನಿನ್ನಿ ತಗಿಸಿದೆ."

"ಶಾಬಾಸ್! ಹಿಂದಿನ ಭಾರಾ ತಗದು ಮುಂದ ನಮ್ಮನ್ನ ಕುಂದ್ರಿಸೀರಿ!"

ಮೆಲ್ಲಗೆ ಮರಳಿ ಬಂದೆವು. ಓಣಿಯ ಬಾಯಲ್ಲಿ ವೈನಿ ನಿಂತಿದ್ದರು. ಬರಿಗಾಲು, ಮಳೆಯಲ್ಲಿ ತೊಯ್ದ ಸೆರಗು. ಬಸ್ಸಿಳಿದು ಬಂದವರು ಹಿತ್ತಲಲ್ಲಿ ಕಲ್ಲು ಕಂಡಿದ್ದರು. ಮರದ ಕೆಳಗೆ ಗಾಡಿ ಕಂಡಿರಲಿಲ್ಲ. ಮಳೆಯಂತೂ ಬರುತ್ತಲೇ ಇತ್ತು. ನಾನು ಇಳಿದ ಕೂಡಲೇ ನನ್ನ ತೋಳು, ಭುಜ ಮುಟ್ಟಿ ಮುಟ್ಟಿ ನೋಡಿದರು.

"ಮಲ್ಲೇಶಿ, ಆ ಕಲ್ಲ ಯಾಕ ತಗದ್ಯೋ?"

"ಗೊತ್ತಾಗಲಿಲ್ರಿ ವೈನಿ."

"ಹ್ವಾದ ಮಳಿಗಾಲಕ್ಕಿಂತ ಹಿಂದಿಂದು. ರಾಮದುರ್ಗಕ್ಕ ಮಾಲ ಇಳಿಸಿ ಖಾಲಿ ಬರಾಕ ಹತ್ತಿದ್ರು. ಗಾಡಿ ಜಾರಿ ತೆಗ್ಗಿನ್ಯಾಗ ಇಳೀತು. ನಿಮಗ ಯಾರಿಗೂ ಹೇಳಬ್ಯಾಡಂದ್ರು. ಮರದಿನಾನ ಅತ್ತಿಯವರ ಒಳಕಲ್ಲ ನಾನೇ ಮಂದಿ ಹಚ್ಚಿ ಏರಿಸಿದ್ನಿ. ಅಮಾಸಿಗೆ ಗಾಡಿಗೆ ಅವರು ಪೂಜಿ ಮಾಡತಿದ್ರು, ಕಲ್ಲಿಗೆ ನಾ ಮಾಡತಿದ್ನಿ." ತೊಯ್ದ ಸೆರಗು ಹಿಂಡಿದರು. "ಹಾದ್ಯಾಗ ಏನೂ ಆಗಬಾರದು ಅಂತ ಬೇಡಕೊಂಡಿದ್ನಿ. ಹಾದ್ಯಾಗ ಏನೂ ಆಗಲಿಲ್ಲ ನೋಡು."

ನನ್ನ ಕಣ್ಣು ಓಣಿಯೊಳಗಿನ ನಮ್ಮ ಮನೆಯ ಕಟ್ಟೆಯ ಕಡೆ ಹೋಯಿತು.

ಮಾವ ಗಾಡಿಯಿಂದ ಇಳಿದು, "ನಡಿಯಪಾ, ಬ್ಯಾರೆ ಗಾಡಿ ನೋಡೂಣು" ಎಂದರು. ಈರಣ್ಣ ಕದಲಲಿಲ್ಲ.

"ಅಕ್ಕಾರ, ಗಾಡಿ ನನಗ ಬೇಕ್ರಿ. ಆದ್ರ ಆ ಕಲ್ಲ ಸೈತ ಕೊಡತೀರೇನ್ರಿ?"

ಕೊಡುವುದಿಲ್ಲ ಎಂದೇ ನನ್ನ ಎಣಿಕೆ. ಅವ್ವನ ಕಲ್ಲು. ಅಣ್ಣನ ಕಾಲದ ಕುಂಕುಮ ಇನ್ನೂ ಅದರ ಮೇಲಿದೆ. ವೈನಿ ಅವನನ್ನೇ ನೋಡಿದರು.

"ಮನ್ಯಾಗ ಯಾರದಾರಪಾ?"

"ಅವ್ವ ಅದಾಳ್ರಿ. ಹೇಣ್ತಿ ಅದಾಳ್ರಿ."

"ನೀ ಬರೂತನಕ ಊಟಾ ಬಿಟ್ಟು ಕುಂದ್ರತಾಳೇನು?"

"ಕುಂದ್ರತಾಳ್ರಿ. ಬೈಕೋಂತ."

ವೈನಿ ನಕ್ಕರು. ಅಣ್ಣ ಹೋದ ಮೇಲೆ ಮೊದಲ ಸಲ. "ಹಂಗಾರ ಏರಸ್ರಿ ಕಲ್ಲ. ಗಾಡಿನೂ ಒಯ್ರಿ."

ಮತ್ತೆ ಓಣಿಯ ಗಂಡಸರು ಬಂದರು. ("ನಿನ್ನಿ ಇಳಿಸೂದು, ಇವತ್ತ ಏರಿಸೂದು. ನಿನಗ ಬರಿಯೂದು ಬಿಟ್ಟು ಉದ್ಯೋಗಿಲ್ಲ, ನಮಗೂ ಇಲ್ಲೇನೋ?") ಹಗ್ಗದ ಗಂಟು ವೈನಿಯೇ ಹಾಕಿದರು. ಕುಂಕುಮದ ತಟ್ಟೆ ಹಿಡಿದು ಬಂದದ್ದು ಮಾತ್ರ ಪಕ್ಕದ ಮನೆಯ ಗಂಗವ್ವ. ಮುತ್ತೈದೆಯರೇ ಹಚ್ಚಬೇಕಂತೆ. ಇಷ್ಟು ದಿನ ಹಚ್ಚಿದವರು ಎರಡು ಹೆಜ್ಜೆ ಹಿಂದೆ ಸರಿದು, ಖಾಲಿ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ನಾನು ಏನಾದರೂ ಹೇಳಬೇಕಿತ್ತು. ಹಗ್ಗ ಬಿಗಿ ಇದೆಯೇ ಎಂದು ಎಳೆದು ನೋಡಿದೆ.

ಗಾಡಿ ಹೋಯಿತು. ಹಸಿ ರಸ್ತೆಯ ತಿರುವಿನಲ್ಲಿ ಒಂದಿಷ್ಟೂ ಅಲುಗಲಿಲ್ಲ.

ವೈನಿ ಒಳಗೆ ಹೋದರು. ನಾನು ಅಣ್ಣ ಕೊನೆಯ ಚಹಾ ಕುಡಿದ ಕಟ್ಟೆಯ ಮೇಲೆ ಕುಳಿತೆ. ಗಾಡಿಗೆ ಏನು ಕಟ್ಟಬೇಕೆಂದು ಗೊತ್ತಿದ್ದ ಮನೆ ನಮ್ಮದು. ಈ ಕಟ್ಟೆಗೆ ಏನು ಕಟ್ಟಬೇಕಿತ್ತು, ಯಾರಾದರೂ ಹೇಳುತ್ತೀರಾ?