ಅಕ್ಕ ಸೇವಿಸಿದ ಹಸಿವಡಗಿಸುವ ಪುಡಿಯ ಕುರಿತು

ಇದಕ್ಕೂ ಮೊದಲು ನಾನು ಬರೆದಿರುವುದೆಲ್ಲವೂ ಕಚೇರಿಯ ಪತ್ರಗಳೇ. ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟಿಪ್ಪಣಿ, ಜ್ಞಾಪನ, ಹಿಂಬರಹಗಳನ್ನು ಸಿದ್ಧಪಡಿಸುತ್ತಾ ಬಂದಿರುವ ನನಗೆ, ಮನೆಯ ಸಂಗತಿಯನ್ನು ಹೇಗೆ ಬರೆಯಬೇಕೆಂಬುದು ತಿಳಿಯದು. ಆದುದರಿಂದ ನಡೆದುದನ್ನು ನಡೆದ ಕ್ರಮದಲ್ಲಿಯೇ ನಿವೇದಿಸುತ್ತೇನೆ. ಲೋಪಗಳು ಕಂಡುಬಂದಲ್ಲಿ ಅವು ನನ್ನವು, ಅಕ್ಕನವಲ್ಲ.

ನನ್ನ ಅಕ್ಕನನ್ನು ಮಿಡಿಗೇಶಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ನಲವತ್ತು ಕುರಿಗಳ ಮನೆ. ಭಾವ ಮುಂದೆ, ಅಕ್ಕ ಹಿಂದೆ, ನಡುವೆ ಕುರಿ. ಮದುವೆಯಾದಂದಿನಿಂದ ಇದೇ ವ್ಯವಸ್ಥೆ. ಕಳೆದ ವರ್ಷ ಅಕ್ಕನ ಎರಡೂ ಮಂಡಿಗಳು ಊದಿಕೊಂಡವು. ಮಧುಗಿರಿಯ ವೈದ್ಯರು ಪರೀಕ್ಷಿಸಿ, ಮೈತೂಕದಲ್ಲಿ ಹತ್ತು ಕೆ.ಜಿ.ಯಾದರೂ ಇಳಿಯದ ಹೊರತು ಕುರಿಯ ಹಿಂದೆ ನಡೆಯುವುದನ್ನು ಮರೆಯಬೇಕಾಗುತ್ತದೆ ಎಂದು ತಿಳಿಸಿದರು. ಭಾವ ಒಬ್ಬರೇ ಅಷ್ಟು ಕುರಿಗಳನ್ನು ನಿಭಾಯಿಸಲಾರರು. ಅಕ್ಕ ನಡೆಯದಿದ್ದರೆ ಹಿಂಡು ಸಿರಾ ಸಂತೆಗೆ ಹೋಗುತ್ತದೆ ಎಂಬುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ತಿಳಿದಿತ್ತು.

ಈ ಸಂದರ್ಭದಲ್ಲಿಯೇ ಅಕ್ಕನ ನಾದಿನಿಯು ಹಸಿರು ಬಣ್ಣದ ಒಂದು ಡಬ್ಬಿಯೊಂದಿಗೆ ಬಂದಳು. ಆಕೆಯ ಮನೆ ಪಾವಗಡದ ಬಲಸಮುದ್ರದ ಕಡೆ, ಮಾತಿನಲ್ಲಿ ತೆಲುಗು ಬೆರೆಯುವ ಸೀಮೆ. ಮೇಯಿಸುತ್ತಿದ್ದ ನೆಲವೆಲ್ಲ ಸೋಲಾರ್ ಫಲಕಗಳ ಕೆಳಗೆ ಸೇರಿದ ನಂತರ ಅವರು ಕುರಿ ಬಿಟ್ಟಿದ್ದರು. ಆಕೆ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡು ತೂಕ ಇಳಿಸುವ ಪುಡಿ ಮಾರುತ್ತಿದ್ದಳು. ಊಟಕ್ಕೆ ಮುಂಚೆ ಒಂದು ಚಮಚ ಸೇವಿಸಿದರೆ ಹಸಿವೆಯೇ ಆಗುವುದಿಲ್ಲವೆಂಬುದು ಆಕೆಯ ಭರವಸೆ.

ಡಬ್ಬಿಯನ್ನು ನಾನು ಎರಡೂ ಕಡೆ ತಿರುಗಿಸಿ ಓದಿದೆ. ಸಿದ್ದರಬೆಟ್ಟದ ದಿವ್ಯ ಮೂಲಿಕೆಗಳಿಂದ ತಯಾರಿಸಿದ್ದು ಎಂದು ಮುಂಭಾಗದಲ್ಲಿತ್ತು. ಯಾವ ಮೂಲಿಕೆ, ಎಷ್ಟು ಪ್ರಮಾಣ ಎಂಬುದು ಎಲ್ಲಿಯೂ ನಮೂದಾಗಿರಲಿಲ್ಲ. ತಯಾರಕರ ವಿಳಾಸ ಹೊರರಾಜ್ಯದ್ದು. ನಾನು ಕೊರಟಗೆರೆಯಲ್ಲಿ ಓದಿದವನು. ಆ ಬೆಟ್ಟವನ್ನು ಹಲವು ಬಾರಿ ಹತ್ತಿದ್ದೇನೆ. ಮಾರಾಟವಾಗುವ ಡಬ್ಬಿಗಳೆಲ್ಲ ಅಲ್ಲಿನ ಗಿಡಗಳಿಂದಲೇ ತುಂಬಿದ್ದಲ್ಲಿ ಬೆಟ್ಟ ಇಷ್ಟು ಹೊತ್ತಿಗೆ ಬೋಳಾಗಿರಬೇಕಿತ್ತು. ಇದನ್ನು ಆಕೆಗೆ ಹೇಳಿದೆ.

"ಏಮಣ್ಣಾ ನೀನು! ಆಫೀಸ್ನಾಗೆ ಕೂತು ಕೂತು ಎಲ್ಲಾದ್ರ ಮ್ಯಾಲೂ ಅನುಮಾನ. ಪೂರಾ ಆಕು, ಸೊಪ್ಪು, ಬೇರು. ಕೆಮಿಕಲ್ಲು ಗಿಮಿಕಲ್ಲು ಏಮೀ ಲೇದು. ನನ್ನ ನೋಡು, ಹೆಂಗಿದ್ದೋಳು ಹೆಂಗಾದೆ!"

"ನೀನು ಮೊದ್ಲಿಂದ್ಲೂ ಕಡ್ಡೀನೇ ಕಣಮ್ಮ," ಎಂದರು ಭಾವ.

ಅಕ್ಕ ನಗಲಿಲ್ಲ. ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟಳು. "ಬುಡ್ಲಾ, ನೋಡೇಬುಡಾನ. ಕುರಿ ಉಳಿಯಂಗಿದ್ರೆ ಮಣ್ಣಾದ್ರೂ ತಿಂತೀನಿ."

ಅಂದೇ ಊರಿನ ಕಡಲೆಕಾಯಿ ತೂಗುವ ಮಂಡಿಯ ತಕ್ಕಡಿಯ ಮೇಲೆ ಅವಳನ್ನು ನಿಲ್ಲಿಸಲಾಯಿತು. "ಟಗರು ತೂಗಿವ್ನಿ, ಹೆಂಡ್ರನ್ನ ತೂಗಿದ್ದು ಇದೇ ಮೊದ್ಲು," ಎಂದರು ಭಾವ. "ಸುಮ್ಕಿರು, ಸಂತೇಲಿ ನಿಂಗಿಂತ ನಂಗೇ ಜಾಸ್ತಿ ಗಿರಾಕಿ," ಎಂದಳು ಅಕ್ಕ. ಎಂಬತ್ತನಾಲ್ಕು ತೋರಿಸಿತು. ಒಂದು ತಿಂಗಳಾದ ಮೇಲೆ ತೂಗಿದಾಗ ಎಂಬತ್ತೊಂದು. ಮನೆಯವರೆಲ್ಲರೂ ಹಿಗ್ಗಿದರು. ಮೊದಲ ಸಲ ಅವಳು ಮುದ್ದೆ ಉಂಡು, ಹೆಗಲಿನ ಕಂಬಳಿಸಮೇತ ನಿಂತಿದ್ದಳೆಂಬುದೂ, ಎರಡನೆಯ ಸಲ ಬೆಳಗ್ಗೆ ಬರೀ ಹೊಟ್ಟೆಯಲ್ಲಿ, ಕಂಬಳಿಯಿಲ್ಲದೆ ನಿಂತಿದ್ದಳೆಂಬುದೂ ನನ್ನ ಗಮನಕ್ಕೆ ಬಂದಿತ್ತು. ಅವಳ ಮುಖ ನೋಡಿ ನಾನೂ ಎಂಬತ್ತೊಂದೆಂದೇ ಬರೆದುಕೊಂಡೆ.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕಾಗಿದೆ. ಅಷ್ಟು ಅನುಮಾನಪಟ್ಟ ನಾನೂ ಸದರಿ ಪುಡಿಯನ್ನು ಗುಟ್ಟಾಗಿ ತರಿಸಿಕೊಂಡಿದ್ದೆ. ಕುರ್ಚಿಯಲ್ಲಿ ಕೂತು ಬೆಳೆದ ಹೊಟ್ಟೆ ನನ್ನದು. ಎರಡು ವಾರ ಊಟಕ್ಕೆ ಮುಂಚೆ ಎರಡು ಲೋಟ ಬಿಸಿನೀರಿನಲ್ಲಿ ಕಲಸಿ ಕುಡಿದೆ. ಹಸಿವು ನಿಜವಾಗಿಯೂ ತಗ್ಗಿತು. ಇದರಿಂದ ನನಗೆ ಸಂತೋಷವಾಗುವ ಬದಲು ಅನುಮಾನವೇ ಹೆಚ್ಚಿತು. ಮೂರನೆಯ ವಾರ ಪುಡಿಯನ್ನು ಬಿಟ್ಟು ಬರೀ ಎರಡು ಲೋಟ ಬಿಸಿನೀರು ಕುಡಿದು ನೋಡಿದೆ. ಹಸಿವು ಅಷ್ಟೇ ತಗ್ಗಿತು. ತೂಕ ಮಾತ್ರ ಮೂರೂ ವಾರ ಇದ್ದಲ್ಲಿಯೇ ಇತ್ತು. ಒಬ್ಬನ ಹೊಟ್ಟೆಯ ಮೇಲಿನ ಪರೀಕ್ಷೆ ಪುರಾವೆಯಾಗಲಾರದೆಂದು ಬಲ್ಲೆ. ಆದರೂ ಅಕ್ಕನಿಗೆ ತಿಳಿಸಬೇಕಿತ್ತು. ಗುಟ್ಟು ಬಯಲಾಗುವ ನಾಚಿಕೆಯಿಂದ ತಿಳಿಸಲಿಲ್ಲ.

ಎರಡನೆಯ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ ನುಂಗುವುದು ಪದ್ಧತಿ. ಅಕ್ಕ ಎರಡನೆಯ ತುತ್ತು ನುಂಗಿದವಳು ಇದ್ದಕ್ಕಿದ್ದಂತೆ ಎದೆಯನ್ನು ಹಿಡಿದುಕೊಂಡಳು. ಉಸಿರಾಡುತ್ತಿದ್ದಳು, ಆದರೆ ಎಂಜಲನ್ನೂ ನುಂಗಲಾಗದೆ ಬಾಯಿಂದ ಜೊಲ್ಲು ಸುರಿಯತೊಡಗಿತು. ನಾನು ನೀರು ಕುಡಿಸಿದೆ. ಕುಡಿಸಿದ ನೀರು ಅಷ್ಟೂ ಹೊರಗೆ ಬಂತು. ಭಾವ ಬೆನ್ನು ಗುದ್ದುತ್ತಾ, "ಉಗಿಯೇ, ಉಗಿಯೇ!" ಎಂದು ಕೂಗುತ್ತಿದ್ದರು. ಪಕ್ಕದ ಬೀದಿಯ ಆಟೋ ಹತ್ತಿಸಿದೆವು. ಮಧುಗಿರಿಯವರೆಗೂ ಅವಳು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದನ್ನು ಹೊರತೆಗೆದರು. ಬಟ್ಟಲಿನಲ್ಲಿ ಊದಿಕೊಂಡ, ಗೋಂದಿನಂತಹ ಒಂದು ಉಂಡೆ ಇತ್ತು. ಇದನ್ನು ಹೇಗೆ ಸೇವಿಸಿದಿರಿ ಎಂದು ವೈದ್ಯರು ಕೇಳಿದರು.

"ಕುರಿಗೆ ಔಸ್ತಿ ಹೆಂಗ್ ಕೊಡ್ತೀವೋ ಅಂಗೇ," ಎಂದಳು ಅಕ್ಕ ಒಡೆದ ದನಿಯಲ್ಲಿ. "ಮುದ್ದೆ ಒಳಗೆ ಇಟ್ಟು ನುಂಗ್ದೆ."

ಕುರಿಗಳಿಗೆ ಕಹಿ ಔಷಧವನ್ನು ರಾಗಿ ಉಂಡೆಯೊಳಗೆ ಅಡಗಿಸಿ ಗಂಟಲಿಗೆ ತಳ್ಳುವುದು ಆ ಮನೆಯ ರೂಢಿ. ನೀರಿಗೆ ಹಾಕಿದರೆ ಪುಡಿ ಸಿಂಬಳದಂತಾಗುತ್ತದೆಂದು ಅಸಹ್ಯಪಟ್ಟು, ಆ ವಾರದಿಂದ ಅವಳು ಹಾಗೆಯೇ ನುಂಗತೊಡಗಿದ್ದಳು. ಮೇಲೆ ನೀರಾದರೂ ಕುಡಿಯಬಾರದಿತ್ತೇ ಎಂದು ನಾನು ಕೇಳಿದೆ.

"ಲೇ, ದಿನಾ ಬಯಲಲ್ಲಿ ಕುರಿ ಹಿಂದಿರೋಳು ನಾನು. ಗಳಿಗೆಗೊಂದ್ಸಲ ಮರೆ ಎಲ್ಲಿ ಹುಡುಕ್ಲಿ? ನಾನು ನೀರು ಕುಡಿಯೋದೇ ಸಂಜೆಗೆ."

ಮೂವತ್ತು ವರ್ಷಗಳಿಂದ ಅವಳು ಹಗಲಿನಲ್ಲಿ ನೀರು ಕುಡಿಯುತ್ತಿರಲಿಲ್ಲವೆಂಬುದು ನನಗೆ ಅಂದೇ ತಿಳಿದದ್ದು.

ಇಂತಹ ಪುಡಿಗಳಿಂದ ತೂಕ ಇಳಿಯುತ್ತದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿದೆ. ನಾರಿನ ಪುಡಿ ನೀರು ಹೀರಿ ಊದಿಕೊಂಡು ಹೊಟ್ಟೆ ತುಂಬಿದಂತೆ ಮಾಡಬಹುದು. ಕೆಲವರಿಗೆ ಹಸಿವು ಸ್ವಲ್ಪ ತಗ್ಗಬಹುದು. ತೂಕ ಇಳಿದರೂ ಅತ್ಯಲ್ಪ. ನೀರಿಲ್ಲದೆ ನುಂಗಿದರೆ ಹೀಗೆ ಗಂಟಲಲ್ಲೇ ಊದಿಕೊಳ್ಳುತ್ತದೆ ಎಂದರು. ಈ ಡಬ್ಬಿಯಲ್ಲಿ ನಾರಿನ ಜೊತೆಗೆ ಬೇರೇನಿದೆಯೋ ಬರೆದಿಲ್ಲವಾದ್ದರಿಂದ ಆ ಬಗ್ಗೆ ತಾವು ಏನನ್ನೂ ಹೇಳಲಾರೆವೆಂದೂ ತಿಳಿಸಿದರು.

ಮರುದಿನ ನಾದಿನಿ ಬಂದಳು. ಬಾಗಿಲಲ್ಲೇ ಅಳು. "ನಾನೂ ದಿನಾ ಕುಡಿತೀನಣ್ಣಾ, ದೇವ್ರಾಣೆ. ನೀರ್ನಾಗೆ ಕಲಸಿ ಕುಡಿ ಅಂತ ಹೇಳಿದ್ದೆ ಕದಾ?" ಆಕೆ ಹೇಳಿದ್ದು ನಿಜ. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಡಬ್ಬಿಯನ್ನು ಆಕೆಗೆ ಒಪ್ಪಿಸಿದವರ ಮೇಲಿನ ಅನುಮಾನ ಮಾತ್ರ ಇಂದಿಗೂ ಹೋಗಿಲ್ಲ. ಡಬ್ಬಿಯ ಮೇಲಿನ ವಿಳಾಸಕ್ಕೆ, ಒಳಗಿರುವ ಪದಾರ್ಥಗಳ ವಿವರ ಕೋರಿ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದೆ. ಅಂತಹ ವಿಳಾಸವಿಲ್ಲವೆಂಬ ಷರಾದೊಂದಿಗೆ ಅದು ಹಿಂದಿರುಗಿತು.

ಅಕ್ಕ ಚೇತರಿಸಿಕೊಂಡ ನಂತರ ನನ್ನ ಗುಟ್ಟನ್ನು ಅವಳ ಮುಂದೆ ಇಟ್ಟೆ.

"ಅಂದ್ರೆ ಬರೀ ನೀರಿಗೂ ಹಸಿವು ತಗ್ತದೆ ಅಂತ ನಿಂಗೆ ಗೊತ್ತಿತ್ತು. ಊರಿಗೆಲ್ಲಾ ಕಾಗ್ದ ಬರಿತೀಯ, ನಂಗೊಂದು ಮಾತು ಹೇಳಕ್ಕೆ ಬಾಯಿ ಬಿದ್ದೋಗಿತ್ತೇನ್ಲಾ?"



ತದನಂತರದ ಕ್ರಮಗಳು ಹೀಗಿವೆ. ಎರಡು ಮುದ್ದೆ ಒಂದಾಗಿದೆ, ಸೊಪ್ಪಿನ ಸಾರು ಹೆಚ್ಚಾಗಿದೆ. ಭಾವ ಹದಿನೆಂಟು ಕುರಿಗಳನ್ನು ಮಾರಿದರು. ಅಕ್ಕ ಎರಡು ದಿನ ಅವರೊಂದಿಗೆ ಮಾತನಾಡಲಿಲ್ಲ. ಉಳಿದವನ್ನು ಊರಿಗೆ ಹತ್ತಿರದ ಬೀಳಿನಲ್ಲಿಯೇ ಮೇಯಿಸುತ್ತಾರೆ. ಅಲ್ಲಿ ಪಾಳುಬಿದ್ದ ಪಂಪ್‌ಹೌಸಿನ ಗೋಡೆ ಮರೆಗಿರುವುದರಿಂದ ಅವಳು ಹಗಲಿನಲ್ಲಿಯೂ ನೀರು ಕುಡಿಯುತ್ತಿದ್ದಾಳೆ. ಐದು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದಿದೆ, ಈ ಬಾರಿ ಎರಡೂ ಸಲ ಕಂಬಳಿಯಿಲ್ಲದೆ, ಬೆಳಗ್ಗೆಯೇ ನಾನು ತೂಗಿಸಿದ್ದೇನೆ. ಮಂಡಿ ಪೂರ್ತಿ ಗುಣವಾಗಿಲ್ಲ. ಗುಣವಾಗುತ್ತದೆಂದು ನಾನು ಬರೆಯಲಾರೆ.

ಮೊನ್ನೆ ಅವಳೊಂದಿಗೆ ಬೀಳಿಗೆ ಹೋಗಿದ್ದೆ. ಸ್ವಲ್ಪ ದೂರ ನಡೆದು ಒಂದು ಬಂಡೆಯ ಮೇಲೆ ಕೂತಳು.

"ಹೊಟ್ಟೆ ಹಸಿತದೆ ಕಣ್ಲಾ. ಈ ಮುಂಡೇವು ನೋಡು, ಬೆಳಿಗ್ಗೆಯಿಂದ ಮೇಯ್ತಾನೇ ಅವೆ. ಕುರಿ ಮ್ಯಾಲೆ ಹೊಟ್ಟೆಕಿಚ್ಚು ಪಡೋ ಕಾಲ ಬಂತು ನಂಗೆ."

ಅಷ್ಟರಲ್ಲಿ ಒಂದು ಮರಿ ಪಕ್ಕದ ಹೊಲದ ತೊಗರಿಗೆ ಬಾಯಿ ಹಾಕಿತು. ನಾನು ಏಳುವುದರೊಳಗೆ ಅವಳೇ ಕೋಲೂರಿ ಎದ್ದು, ಬೈದುಕೊಳ್ಳುತ್ತಾ ಅದರ ಹಿಂದೆ ಕುಂಟುತ್ತಾ ಹೋದಳು.